ರೆಡಿ ಪ್ಯಾಟರ್ನ್ ಇಟ್ಟುಕೊಂಡು ಬೇಸಿಗೆಗೆ ಖಾದಿ ಡ್ರೆಸ್

ರಾಯಚೂರಿನ ಏಪ್ರಿಲ್ ಅಂದರೆ 40 ಡಿಗ್ರಿ ದಾಟುವ ಬಿಸಿಲು. ಮೈಗೆ ಅಂಟದ, ಜೇಬಿರುವ ಒಂದು ಕಾಟನ್ ಡ್ರೆಸ್ ಬೇಕಿತ್ತು. ಬ್ಲೌಸು, ಚೂಡಿದಾರ ಹೊಲಿದು ರೂಢಿಯಿದೆ. ಈ ಸಲ ಅಮೆರಿಕದ ಸಿಂಪ್ಲಿಸಿಟಿ ಕಂಪನಿಯ ಕಾಗದದ ಪ್ಯಾಟರ್ನ್ ತರಿಸಿದೆ. ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸಲು ಡ್ರೆಸ್ಸಿನ ಒಂದೊಂದು ಭಾಗವನ್ನೂ ಅಳತೆಗೆ ಬಿಡಿಸಿ, ಲಕೋಟೆಯಲ್ಲಿಟ್ಟು ಮಾರುವ ಕಾಗದ. ತೋಳಿಲ್ಲದ ಮೇಲ್ಭಾಗ, ಸೊಂಟದಲ್ಲಿ ಹೊಲಿಗೆ, ಕೆಳಗೆ ಅಗಲವಾಗುತ್ತಾ ಹೋಗುವ ಸ್ಕರ್ಟು.

ಲಕೋಟೆಯ ಸೈಜನ್ನು ಅಂಗಡಿ ಕುರ್ತಾದ ಸೈಜಿಗೆ ಹೋಲಿಸಲೇಬೇಡಿ. ಇವರ ಚಾರ್ಟಿನಲ್ಲಿ 14 ಅಂದರೆ ಎದೆ 36 ಇಂಚು, ಸೊಂಟ 28, ಹಿಪ್ 38. ಟೇಪು ಹೇಳಿದ್ದನ್ನೇ ನಂಬಿ. ಹೊಲಿದು ಮುಗಿದ ಮೇಲೆ ಉಡುಪು ಎಷ್ಟು ಅಗಲ ಬರುತ್ತದೆ ಅನ್ನುವುದನ್ನೂ ಅಚ್ಚು ಹಾಕಿರುತ್ತಾರೆ. ಅದರಲ್ಲಿ ನಿಮ್ಮ ಅಳತೆ ಕಳೆದರೆ ಸಡಿಲ ಎಷ್ಟು ಬಿಟ್ಟಿದ್ದಾರೆ ಅಂತ ಗೊತ್ತಾಗುತ್ತದೆ. ನಮ್ಮ ಸೆಖೆಗೆ ಎದೆಯಲ್ಲಿ ಮೂರ್ನಾಲ್ಕು ಇಂಚು ಸಡಿಲ ಇರಲೇಬೇಕು ಅನ್ನುವುದು ನನ್ನ ಲೆಕ್ಕ.

ಆದರೆ ನನ್ನಂಥವರಿಗೆ ನಿಜವಾದ ಕೆಲಸ ಇರುವುದು ಅಗಲದಲ್ಲಲ್ಲ, ಉದ್ದದಲ್ಲಿ. ಈ ಪ್ಯಾಟರ್ನ್‌ಗಳನ್ನು ಸುಮಾರು ಐದೂವರೆ ಅಡಿ ಎತ್ತರದವರಿಗೆ ಅಂತ ಬಿಡಿಸಿರುತ್ತಾರೆ. ನಾನು ಐದಡಿ ಒಂದಿಂಚು. ಕತ್ತಿನ ಹಿಂದಿನ ಮೂಳೆಯಿಂದ ಸೊಂಟದವರೆಗೆ ಚಾರ್ಟು 16½ ಇಂಚು ಹೇಳುತ್ತದೆ, ನನ್ನದು 15½. ಈ ಒಂದಿಂಚು ಹಾಗೇ ಬಿಟ್ಟರೆ ಸೊಂಟದ ಹೊಲಿಗೆ ಕೆಳಗಿಳಿದು, ಬೆನ್ನಲ್ಲಿ ಬಟ್ಟೆ ಗುಡ್ಡೆಯಾಗಿ ಕೂರುತ್ತದೆ. ಕೆಳಗಿನ ಅಂಚು ಎಷ್ಟು ಕತ್ತರಿಸಿದರೂ ಅದು ಸರಿಹೋಗುವುದಿಲ್ಲ. ಅದಕ್ಕೇ ಸೊಂಟದ ಸ್ವಲ್ಪ ಮೇಲೆ, ಉದ್ದ ಹೆಚ್ಚುಕಡಿಮೆ ಮಾಡಿಕೊಳ್ಳಲು ಒಂದು ಜೋಡಿ ಗೆರೆ ಕೊಟ್ಟಿರುತ್ತಾರೆ. ಮೂಲ ಕಾಗದ ಕತ್ತರಿಸದೆ, ಬಟರ್ ಪೇಪರಿನ ಮೇಲೆ ನನ್ನ ಸೈಜನ್ನು ಇಳಿಸಿಕೊಂಡೆ. ಆ ಗೆರೆಯಲ್ಲಿ ಅರ್ಧ ಇಂಚಿನ ಮಡಿಕೆ ಹಾಕಿದರೆ ಒಂದಿಂಚು ಒಳಗೆ ಹೋಗುತ್ತದೆ. ಹಿಂಭಾಗ, ಮುಂಭಾಗ ಎರಡಕ್ಕೂ ಒಂದೇ ಲೆಕ್ಕ. ಮಡಿಚಿದ ಮೇಲೆ ಪಕ್ಕದ ಗೆರೆ, ಡಾರ್ಟಿನ (ಮೈಯ ಆಕಾರಕ್ಕೆ ಹಿಡಿಯುವ ಚೂಪು ಮಡಿಕೆಯ) ಗೆರೆ ಮುರಿದಂತೆ ಕಾಣುತ್ತದೆ. ಸ್ಕೇಲ್ ಇಟ್ಟು ಮತ್ತೆ ನೇರ ಎಳೆಯಬೇಕು.

ಹಳೇ ಬೆಡ್‌ಶೀಟಿನಲ್ಲಿ ಮೇಲ್ಭಾಗ ಮಾತ್ರ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿದೆ. ಸೊಂಟ ಸರಿಯಾಗಿ ಕೂತಿತು. ಕಂಕುಳು ಕೊಂಚ ಕೆಳಗಿತ್ತು, ಭುಜದಲ್ಲಿ ಕಾಲಿಂಚು ಎತ್ತಿದೆ. ತೋಳಿಲ್ಲದ ಡ್ರೆಸ್ಸಿಗೆ ಈ ಕಾಲಿಂಚೇ ಜಾಸ್ತಿ ಮುಖ್ಯ, ಅಲ್ವಾ?

ಬಟ್ಟೆ 36 ಇಂಚು ಪನ್ನದ (ಅಗಲದ) ಖಾದಿ. ಲಕೋಟೆಯಲ್ಲಿ 45 ಇಂಚಿನ ಪನ್ನಕ್ಕೆ 3 ಗಜ ಅಂತಿತ್ತು. 45ನ್ನು 3ರಿಂದ ಗುಣಿಸಿ 36ರಿಂದ ಭಾಗಿಸಿದರೆ 3¾ ಗಜ, ಅಂದರೆ ಸುಮಾರು 3.4 ಮೀಟರ್. ಕುಗ್ಗುವುದಕ್ಕೂ ಸೇರಿಸಿ 4 ಮೀಟರ್ ತಂದೆ. ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆಯೇ ಕತ್ತರಿ ಹಿಡಿದಿದ್ದು. ಸ್ಕರ್ಟಿನ ಮುಂಭಾಗ ಆ ಪನ್ನದಲ್ಲಿ ಕೂರುತ್ತಿರಲಿಲ್ಲ. ನಡುವೆ ಹೊಲಿಗೆಗೆ ಜಾಗ ಕೊಟ್ಟು ಎರಡು ತುಂಡು ಮಾಡಿದೆ. ಕಾಗದದ ಮೇಲಿನ ಬಾಣ ಬಟ್ಟೆಯ ಅಂಚಿಗೆ ಸಮಾನಾಂತರವಾಗಿರಬೇಕು. ಬಾಣದ ಎರಡೂ ತುದಿಯಿಂದ ಅಂಚಿಗೆ ಟೇಪು ಹಿಡಿದು ನೋಡಿ.

ಹೊಲಿಗೆಗೆ ಇವರು ಬಿಡುವುದು 1.5 ಸೆಂ.ಮೀ. ಅಷ್ಟೇ. ನಾನು ಪಕ್ಕಗಳಲ್ಲಿ ನಮ್ಮ ಟೈಲರುಗಳ ಹಾಗೆ ಒಂದಿಂಚು ಮಾರ್ಜಿನ್ ಇಟ್ಟೆ. ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಬಹುದು.

ಕತ್ತರಿಸಿದ ತಕ್ಷಣ ಮೊದಲ ಹೊಲಿಗೆ ಕೊರಳಿಗೆ. ಒಂದೇ ಪದರದ ಮೇಲೆ, ಅಂಚಿನಿಂದ ಸ್ವಲ್ಪ ಒಳಗೆ, ಭುಜದಿಂದ ನಡುವಿಗೆ ಒಂದು ಸಾದಾ ಹೊಲಿಗೆ. ಕೊರಳ ಬಳುಕಿನಲ್ಲಿ ಎಳೆ ಓರೆಯಾಗಿರುತ್ತದೆ, ಸುಮ್ನೆ ಎತ್ತಿ ಹಿಡಿದರೂ ಹಿಗ್ಗುತ್ತದೆ. ಪ್ಯಾಟರ್ನಿನಲ್ಲಿ ಕೊರಳಿಗೆ, ಕಂಕುಳಿಗೆ ಒಳಗಡೆ ಅಗಲ ಪಟ್ಟಿ ಇತ್ತು. ಬೆವರಿಗೆ ಎರಡು ಪದರ ಬೇಡ ಅಂತ ಅದನ್ನು ಬಿಟ್ಟು, ಒಂದೂಕಾಲು ಇಂಚಿನ ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ ಪಟ್ಟಿ) ಕೊಟ್ಟು ಒಳಗೆ ಮಡಿಚಿದೆ. ತೆಳ್ಳಗೆ, ಚೆಂದವಾಗಿ ಕೂತಿತು. ಉಳಿದ ಹೊಲಿಗೆ ಚೂಡಿದಾರದಷ್ಟೇ ಸಲೀಸು. ಖಾದಿ ಎಳೆ ಬಿಡುತ್ತದೆ, ಅಂಚಿಗೆ ಓವರ್‌ಲಾಕ್ ಬೇಕು.

ಕೆಳಗಿನ ಅಂಚು ಮಡಿಚುವ ಮೊದಲು ಡ್ರೆಸ್ಸನ್ನು ಒಂದಿಡೀ ದಿನ ಹ್ಯಾಂಗರಿಗೆ ಹಾಕಿ. ಓರೆ ಎಳೆ ಇರುವಲ್ಲಿ ಸ್ಕರ್ಟು ಇಳಿಯುತ್ತದೆ. ನೆಲದಿಂದ ಸ್ಕೇಲ್ ನಿಲ್ಲಿಸಿ ಸುತ್ತ ಚಾಕಿನ ಗುರುತು ಹಾಕಿಸಿಕೊಂಡೆ, ಹೆಚ್ಚಿದ್ದನ್ನು ಕತ್ತರಿಸಿ ಮಡಿಚಿದೆ. ಬಟರ್ ಪೇಪರಿನ ಮೇಲೆ ಎಲ್ಲಾ ಬದಲಾವಣೆ ಬರೆದಿಟ್ಟಿದ್ದೇನೆ. ಅಕ್ಕನೂ ನನ್ನಷ್ಟೇ ಎತ್ತರ, ಮುಂದಿನದು ಅವಳಿಗೆ.