ಪಿಂಗ್‌ಗೆ ಉತ್ತರ ಬಂದರೂ ಪಟ್ಟಿಯಲ್ಲಿ ಕಾಣದ ಪ್ರಿಂಟರ್

ಮೂಡಿಗೆರೆ ತಾಲ್ಲೂಕಿನ ನಮ್ಮ ತೋಟದ ಮನೆಯಲ್ಲಿ ಪ್ರಿಂಟರ್ ಇರುವುದು ಜಗುಲಿಗೆ ಹೊಂದಿಕೊಂಡ ಕೋಣೆಯಲ್ಲಿ. ನಾನು ಕುಳಿತು ಲೆಕ್ಕ ಬರೆಯುವುದು ಹಿಂಭಾಗದ ಕೋಣೆಯಲ್ಲಿ. ನಡುವೆ ಅಜ್ಜನ ಕಾಲದ ಎರಡು ದಪ್ಪ ಮಣ್ಣಿನ ಗೋಡೆಗಳಿವೆ. ಪ್ರತಿ ಶನಿವಾರ ಬಟವಾಡೆಗೆ ಮೊದಲು ವಾರದ ಹಾಜರಿ ಪಟ್ಟಿಯನ್ನೂ ಕೂಲಿಯ ಚೀಟಿಗಳನ್ನೂ ನಾನು ಹಿಂದಿನ ಕೋಣೆಯಿಂದಲೇ ಮುದ್ರಣಕ್ಕೆ ಕಳುಹಿಸುತ್ತೇನೆ, ನಮ್ಮ ರೈಟರು (ತೋಟದ ಗುಮಾಸ್ತರು) ಮುಂದಿನ ಕೋಣೆಯಲ್ಲಿ ಅವುಗಳನ್ನು ಕತ್ತರಿಸಿ ಜೋಡಿಸಿಕೊಳ್ಳುತ್ತಾರೆ. ಕಳೆದ ಮಳೆಗಾಲದ ಆರಂಭದಲ್ಲಿ ಈ ವ್ಯವಸ್ಥೆ ನಿಂತುಹೋಯಿತು. ಪ್ರಿಂಟರ್ ಮೊದಲು ‘ಆಫ್‌ಲೈನ್’ ಎಂದು ತೋರಿಸಿತು. ಅದನ್ನು ಲ್ಯಾಪ್‌ಟಾಪ್‌ನಿಂದ ತೆಗೆದುಹಾಕಿ ಮತ್ತೆ ಸೇರಿಸಲು ಹೋದಾಗ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ.

ಮೊದಲ ಎರಡು ದಿನ ನಾನು ಮಾಡಿದ್ದೆಲ್ಲ ಪ್ರಿಂಟರ್ ನಡೆಸುವ ತಂತ್ರಾಂಶವಾದ ಡ್ರೈವರ್ ತೆಗೆಯುವುದು, ಹಾಕುವುದು, ಎಲ್ಲವನ್ನೂ ಆರಿಸಿ ಹಚ್ಚುವುದು. ಅದರಿಂದ ಏನೂ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಪಟ್ಟಿಯಲ್ಲಿ ಪ್ರಿಂಟರ್ ಕಾಣದಿದ್ದರೆ ಅದಕ್ಕೆ ಎರಡು ಬೇರೆ ಬೇರೆ ಕಾರಣಗಳಿರಬಹುದು: ಪ್ರಿಂಟರ್ ನೆಟ್‌ವರ್ಕಿಗೇ ಸೇರಿಲ್ಲದಿರಬಹುದು, ಇಲ್ಲವೇ ಸೇರಿದ್ದರೂ ‘ನಾನು ಇಲ್ಲಿದ್ದೇನೆ’ ಎಂದು ಅದು ಹೊರಡಿಸುವ ಸಾರುವಿಕೆ ನಮ್ಮ ಯಂತ್ರದವರೆಗೆ ತಲುಪದಿರಬಹುದು. ಈ ಎರಡರಲ್ಲಿ ಯಾವುದು ಎಂಬುದನ್ನು ತಿಳಿದುಕೊಳ್ಳದೆ ಡ್ರೈವರ್ ಮುಟ್ಟಬಾರದಿತ್ತು.

ಮೂರನೆಯ ದಿನ ಪ್ರಿಂಟರಿನಿಂದಲೇ ಅದರ ನೆಟ್‌ವರ್ಕ್ ವರದಿಯ ಹಾಳೆಯನ್ನು ಮುದ್ರಿಸಿದೆ. ಪರದೆ ಇಲ್ಲದ ಸಣ್ಣ ಪ್ರಿಂಟರುಗಳಲ್ಲಿಯೂ ಇದು ಸಾಧ್ಯ. ಯಾವ ಗುಂಡಿಗಳನ್ನು ಒತ್ತಿ ಹಿಡಿಯಬೇಕೆಂಬುದು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ಜೊತೆಗೆ ಬಂದ ಪುಸ್ತಿಕೆಯನ್ನು ನೋಡಬೇಕು. ಆ ಹಾಳೆಯಲ್ಲಿ ನೋಡಬೇಕಾದದ್ದು ಮೂರೇ: ಪ್ರಿಂಟರ್ ಯಾವ ವೈಫೈ ಹೆಸರಿಗೆ ಸೇರಿದೆ, ಅದರ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದಕ್ಕೆ ಸಿಕ್ಕ ಸಂಖ್ಯೆ, ಏನು, ಅದರ ಮ್ಯಾಕ್ ವಿಳಾಸ, ಅಂದರೆ ತಯಾರಿಕೆಯಲ್ಲೇ ಯಂತ್ರಕ್ಕೆ ಕೊಟ್ಟ ಗುರುತು, ಏನು. ಐಪಿ ವಿಳಾಸ 169.254 ಎಂದು ಆರಂಭವಾಗಿದ್ದರೆ ರೂಟರಿನಿಂದ ವಿಳಾಸ ಸಿಗದೆ ಪ್ರಿಂಟರ್ ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಆಗ ವೈಫೈ ಸಂಪರ್ಕವನ್ನೇ ಮೊದಲಿನಿಂದ ಸರಿಪಡಿಸಬೇಕು. ನಮ್ಮ ಹಾಳೆಯಲ್ಲಿದ್ದದ್ದು 192.168.1.7, ಅಂದರೆ ಸರಿಯಾದ ವಿಳಾಸವೇ. ಲ್ಯಾಪ್‌ಟಾಪ್‌ನಿಂದ ಆ ವಿಳಾಸಕ್ಕೆ ಪಿಂಗ್, ಅಂದರೆ ‘ಇದ್ದೀಯಾ’ ಎಂದು ಕೇಳುವ ಪುಟ್ಟ ಸಂದೇಶ, ಕಳುಹಿಸಿದರೆ ಉತ್ತರವೂ ಬಂತು. ಹಾಗಿದ್ದೂ ಪಟ್ಟಿ ಖಾಲಿಯಾಗಿಯೇ ಇತ್ತು.

ಅಷ್ಟರಲ್ಲಿ ಜಗುಲಿಯಲ್ಲಿ ಕುಳಿತಿದ್ದ ಮಗಳು, ‘ಅಪ್ಪ, ನನ್ನ ಫೋನಿನಲ್ಲಿ ಪ್ರಿಂಟರ್ ಕಾಣಿಸ್ತಾ ಇದೆಯಲ್ಲ’ ಎಂದಳು. ಅವಳನ್ನು ಹಿಂದಿನ ಕೋಣೆಗೆ ಕರೆದು ಮತ್ತೆ ನೋಡಲು ಹೇಳಿದೆ. ಸ್ವಲ್ಪ ಹೊತ್ತಿನಲ್ಲಿ ಹೆಸರು ಮಾಯವಾಯಿತು. ಅದೇ ಫೋನು, ಅದೇ ಪ್ರಿಂಟರ್. ಬದಲಾಗಿದ್ದು ಫೋನ್ ಹಿಡಿದ ವೈಫೈ ಮಾತ್ರ.

ಆಗ ನೆನಪಾದದ್ದು ಮಳೆಗಾಲಕ್ಕೆ ಮೊದಲು ನಾನೇ ತಂದು ಹಾಕಿದ ಎರಡನೆಯ ರೂಟರ್. ಜಗುಲಿಯ ಫೈಬರ್ ಮೋಡೆಮ್ಮಿನ ಸಿಗ್ನಲ್ ಮಣ್ಣಿನ ಗೋಡೆಗಳನ್ನು ದಾಟಿ ಹಿಂದಿನ ಕೋಣೆಗೆ ಸರಿಯಾಗಿ ಬರುತ್ತಿರಲಿಲ್ಲವಾದ್ದರಿಂದ, ಅದರಿಂದ ಒಂದು ಕೇಬಲ್ ಎಳೆದು ಹಿಂದೆ ಇನ್ನೊಂದು ರೂಟರ್ ಇಟ್ಟಿದ್ದೆ. ಇಂಟರ್ನೆಟ್ ಚೆನ್ನಾಗಿಯೇ ಬಂತು. ಆದರೆ ಲ್ಯಾಪ್‌ಟಾಪ್‌ನ ವಿಳಾಸ ನೋಡಿದರೆ ಅದು 192.168.0.104. ಸಾಮಾನ್ಯವಾಗಿ ಮನೆಯ ನೆಟ್‌ವರ್ಕಿನಲ್ಲಿ ಎರಡು ಯಂತ್ರಗಳ ವಿಳಾಸದಲ್ಲಿ ಚುಕ್ಕೆಗಳ ನಡುವಿನ ಮೊದಲ ಮೂರು ಸಂಖ್ಯೆಗಳು ಒಂದೇ ಆಗಿದ್ದರೆ ಮಾತ್ರ ಅವು ಒಂದೇ ಅಂಗಳದಲ್ಲಿವೆ. ಮೋಡೆಮ್ 192.168.1 ಎಂಬ ಅಂಗಳವನ್ನೂ ಹಿಂದಿನ ರೂಟರ್ 192.168.0 ಎಂಬ ಬೇರೊಂದು ಅಂಗಳವನ್ನೂ ನಡೆಸುತ್ತಿದ್ದವು. ಒಂದೇ ಮನೆಯಲ್ಲಿ ನಾನು ಅರಿಯದೆ ಎರಡು ನೆಟ್‌ವರ್ಕ್ ಮಾಡಿಟ್ಟಿದ್ದೆ.

ಹಾಗಾದರೆ ಪಿಂಗ್ ಹೇಗೆ ತಲುಪಿತು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿತು, ಅದರ ಉತ್ತರದಲ್ಲಿಯೇ ಇಡೀ ಸಮಸ್ಯೆ ಅಡಗಿತ್ತು. ಒಳಗಿನ ರೂಟರಿನಿಂದ ಹೊರಗೆ ಹೋಗುವ ಸಂದೇಶ, ಇಂಟರ್ನೆಟ್ಟಿಗೆ ಹೋಗುವಂತೆಯೇ, ಮುಂದಿನ ಅಂಗಳಕ್ಕೂ ಹೋಗುತ್ತದೆ. ಗೊತ್ತಿರುವ ವಿಳಾಸಕ್ಕೆ ಕಳುಹಿಸಿದ್ದಕ್ಕೆ ಉತ್ತರವೂ ಬರುತ್ತದೆ. ಆದರೆ ಪ್ರಿಂಟರನ್ನು ಹುಡುಕುವ ಕ್ರಮ ಬೇರೆ. ಫೋನುಗಳೂ ಈಗಿನ ಕಂಪ್ಯೂಟರುಗಳೂ ಬಳಸುವ ಎಂಡಿಎನ್‌ಎಸ್ ಎಂಬ ವಿಧಾನದಲ್ಲಿ 224.0.0.251 ಎಂಬ ಸಾಮೂಹಿಕ ವಿಳಾಸಕ್ಕೆ, 5353ನೆಯ ಪೋರ್ಟಿನ ಮೂಲಕ, ‘ಇಲ್ಲಿ ಪ್ರಿಂಟರ್ ಯಾರಿದ್ದೀರಿ’ ಎಂದು ಕೂಗಲಾಗುತ್ತದೆ. ಆ ಕೂಗು ಅದೇ ಅಂಗಳದೊಳಗೆ ಮಾತ್ರ ಕೇಳಿಸಬೇಕೆಂಬುದು ಅದರ ನಿಯಮ. ರೂಟರ್ ಅದನ್ನು ದಾಟಿಸುವುದಿಲ್ಲ. ಪಿಂಗ್ ಉತ್ತರದ ಸಾಲಿನಲ್ಲಿಯೇ ಇದರ ಸುಳಿವಿತ್ತು: ಟಿಟಿಎಲ್ 63 ಎಂದು ಬರುತ್ತಿತ್ತು. ಈ ಸಂಖ್ಯೆ ಪ್ರತಿ ರೂಟರ್ ದಾಟುವಾಗ ಒಂದು ಕಡಿಮೆಯಾಗುತ್ತದೆ, ಹೊರಡುವಾಗ ಸಾಮಾನ್ಯವಾಗಿ 64, 128 ಅಥವಾ 255 ಇರುತ್ತದೆ. ಆದ್ದರಿಂದ 63 ಎಂದರೆ ನಡುವೆ ಒಂದು ರೂಟರ್ ಕುಳಿತಿದೆ ಎಂದೇ ಲೆಕ್ಕ.

ಅಂದು ಶುಕ್ರವಾರ. ಮರುದಿನದ ಬಟವಾಡೆ ನಿಲ್ಲಬಾರದೆಂದು ವಿಂಡೋಸ್‌ನಲ್ಲಿ ಪ್ರಿಂಟರ್ ಸೇರಿಸುವಾಗ ಹುಡುಕುವ ದಾರಿಯನ್ನು ಬಿಟ್ಟು, 192.168.1.7 ಎಂಬ ವಿಳಾಸವನ್ನು ಕೈಯಿಂದಲೇ ಬರೆದು ಸೇರಿಸಿದೆ. ಚೀಟಿಗಳು ಬಂದವು. ಅವಸರಕ್ಕೆ ಇದು ಒಳ್ಳೆಯ ದಾರಿ, ಆದರೆ ಹಿಂದಿನ ಕೋಣೆಯಿಂದ ಫೋನಿನಲ್ಲಿ ಮುದ್ರಿಸಲು ಇದರಿಂದ ಅನುಕೂಲವಾಗಲಿಲ್ಲ.

ಭಾನುವಾರ ಹಿಂದಿನ ರೂಟರಿನ ಸೆಟ್ಟಿಂಗ್ ತೆರೆದು ಅದನ್ನು ರೂಟರ್ ಮೋಡ್‌ನಿಂದ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿದೆ. ಹೀಗೆ ಮಾಡಿದರೆ ಅದು ತಾನೇ ವಿಳಾಸ ಹಂಚುವುದನ್ನು ನಿಲ್ಲಿಸಿ, ಮೋಡೆಮ್ಮಿನ ಅಂಗಳವನ್ನೇ ಹಿಂದಿನ ಕೋಣೆಯವರೆಗೆ ಹರಡುತ್ತದೆ. ಬದಲಾವಣೆಯ ನಂತರ ಹಳೆಯ 192.168.0.1ರಲ್ಲಿ ರೂಟರಿನ ಪುಟ ತೆರೆಯುವುದಿಲ್ಲ. ರೂಟರ್ ಕೆಟ್ಟಿತೆಂದು ಹೆದರಬೇಕಾಗಿಲ್ಲ, ಅದಕ್ಕೂ ಈಗ ಮೋಡೆಮ್ ಹೊಸ ವಿಳಾಸ ಕೊಟ್ಟಿರುತ್ತದೆ. ಆಕ್ಸೆಸ್ ಪಾಯಿಂಟ್ ಮೋಡ್ ಇಲ್ಲದ ಹಳೆಯ ರೂಟರ್ ಆಗಿದ್ದರೆ, ಅದರ ವಿಳಾಸವನ್ನು ಮೋಡೆಮ್ಮಿನ ಅಂಗಳದಲ್ಲಿ ಯಾರಿಗೂ ಕೊಡದ ಒಂದು ವಿಳಾಸಕ್ಕೆ ಬದಲಿಸಿ, ವಿಳಾಸ ಹಂಚುವ ಡಿಎಚ್‌ಸಿಪಿ ವ್ಯವಸ್ಥೆಯನ್ನು ನಿಲ್ಲಿಸಿ, ಮೋಡೆಮ್ಮಿನಿಂದ ಬಂದ ಕೇಬಲನ್ನು ವ್ಯಾನ್ (ಹೊರಗಿನ ಸಂಪರ್ಕದ) ಕಿಂಡಿಯ ಬದಲು ಲ್ಯಾನ್ (ಮನೆಯೊಳಗಿನ ಸಂಪರ್ಕದ) ಕಿಂಡಿಗೆ ಚುಚ್ಚಬೇಕು.

ಲ್ಯಾಪ್‌ಟಾಪ್‌ಗೆ ಈಗ 192.168.1ರ ವಿಳಾಸ ಬಂತು, ಪಿಂಗ್‌ನಲ್ಲಿ ಟಿಟಿಎಲ್ 64 ಆಯಿತು, ಹಿಂದಿನ ಕೋಣೆಯಲ್ಲಿ ಮಗಳ ಫೋನಿನಲ್ಲಿ ಪ್ರಿಂಟರ್ ಕಾಣಿಸಿತು. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇನ್ನೂ ಕಾಣಲಿಲ್ಲ. ವಿಂಡೋಸ್ ಆ ವೈಫೈಯನ್ನು ‘ಪಬ್ಲಿಕ್’ ಎಂದು ಗುರುತಿಸಿಕೊಂಡಿತ್ತು. ಬಸ್ ನಿಲ್ದಾಣದಂತಹ ಕಡೆ ನಮ್ಮ ಯಂತ್ರ ಇತರರಿಗೆ ಕಾಣದಿರಲೆಂದು ಮಾಡಿದ ಆ ಏರ್ಪಾಡಿನಲ್ಲಿ ನೆಟ್‌ವರ್ಕ್ ಹುಡುಕಾಟ ನಿಂತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ‘ಪ್ರೈವೇಟ್’ ಎಂದು ಬದಲಿಸಿದ ಮೇಲೆ ಹೆಸರು ಬಂತು.

ಹಾಸನದಲ್ಲಿರುವ ತಂಗಿಯ ಮನೆಯಲ್ಲಿಯೂ ಇಂಥದೇ ತೊಂದರೆಯಾಗಿ ಅವಳು ಫೋನ್ ಮಾಡಿ, ‘ಅಣ್ಣ, ಮೊದಲ ಮೂರು ನಂಬರೂ ಒಂದೇ ಇವೆ, ಆದರೂ ಕಾಣಲ್ಲ, ಪಿಂಗೂ ಹೋಗಲ್ಲ’ ಎಂದಳು. ಅಲ್ಲಿ ಲ್ಯಾಪ್‌ಟಾಪ್ ಅತಿಥಿಗಳಿಗೆಂದು ಇಟ್ಟ ಗೆಸ್ಟ್ ವೈಫೈಗೆ ಸೇರಿತ್ತು. ಅಂತಹ ವೈಫೈಯಲ್ಲಿ ಯಂತ್ರಗಳು ಪರಸ್ಪರ ಮಾತನಾಡದಂತೆ ತಡೆ ಇರುತ್ತದೆ. ಮನೆಯ ಮುಖ್ಯ ವೈಫೈಗೆ ಬಂದ ಕೂಡಲೇ ಸರಿಯಾಯಿತು.

ನಮ್ಮಲ್ಲಿ ಒಂದು ಕೆಲಸ ಇನ್ನೂ ಉಳಿದಿತ್ತು. ಮಲೆನಾಡಿನಲ್ಲಿ ಗುಡುಗು ಕೇಳಿದೊಡನೆ ಎಲ್ಲ ಪ್ಲಗ್ ಕೀಳುವುದು ರೂಢಿ, ಸಿಡಿಲಿಗೆ ಮೋಡೆಮ್ ಕಳೆದುಕೊಂಡವರಿಗೆ ಅದರ ಬೆಲೆ ಗೊತ್ತು. ಆದರೆ ಅನೇಕ ಮನೆ ರೂಟರುಗಳು ಆರಿ ಹತ್ತಿದಾಗ ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆವೆಂಬುದನ್ನು ಮರೆಯುತ್ತವೆ, ಮೊದಲು ಎದ್ದ ಫೋನು ಪ್ರಿಂಟರಿನ ಹಳೆಯ ವಿಳಾಸವನ್ನು ಪಡೆದುಬಿಡಬಹುದು. ಆಗ ಲ್ಯಾಪ್‌ಟಾಪ್ ಹಳೆಯ ವಿಳಾಸಕ್ಕೇ ಚೀಟಿ ಕಳುಹಿಸುತ್ತಾ ಪ್ರಿಂಟರ್ ಆಫ್‌ಲೈನ್ ಎನ್ನುತ್ತದೆ. ಇದನ್ನು ತಪ್ಪಿಸಲು ವರದಿ ಹಾಳೆಯಲ್ಲಿದ್ದ ಮ್ಯಾಕ್ ವಿಳಾಸವನ್ನು ಮೋಡೆಮ್ಮಿನ ಡಿಎಚ್‌ಸಿಪಿ ಪುಟದಲ್ಲಿ ಬರೆದು, 192.168.1.7 ಪ್ರಿಂಟರಿಗೇ ಮೀಸಲೆಂದು ಮಾಡಿದೆ. ಪ್ರಿಂಟರಿನೊಳಗೆ ವಿಳಾಸ ಬರೆಯುವುದಕ್ಕಿಂತ ನನಗೆ ಇದೇ ಹಿತವೆನಿಸಿತು, ಏಕೆಂದರೆ ಎಲ್ಲ ವಿಳಾಸಗಳ ಲೆಕ್ಕ ಒಂದೇ ಕಡೆ ಇರುತ್ತದೆ. ಮುದ್ರಣ ಸರಿಯಾಗಿದ್ದರೂ ‘ಆಫ್‌ಲೈನ್’ ಎಂದೇ ತೋರಿಸುತ್ತಿದ್ದರೆ, ವಿಂಡೋಸ್‌ನ ಪೋರ್ಟ್ ಸೆಟ್ಟಿಂಗ್‌ನಲ್ಲಿ ಪ್ರಿಂಟರಿನ ಸ್ಥಿತಿ ವಿಚಾರಿಸುವ ಎಸ್‌ಎನ್‌ಎಂಪಿ ಸ್ಟೇಟಸ್ ಎಂಬುದರ ಮುಂದಿನ ಗುರುತನ್ನು ತೆಗೆದು ನೋಡಬೇಕು.

ಗುಡುಗು ನಿಂತ ಮೇಲೆ ಈಗ ರೈಟರು ಮೊದಲು ಮೋಡೆಮ್ ಹಚ್ಚಿ ಅದರ ದೀಪ ಸ್ಥಿರವಾಗುವವರೆಗೆ ಕಾಯುತ್ತಾರೆ, ಬಳಿಕ ಹಿಂದಿನ ರೂಟರ್, ಕೊನೆಗೆ ಪ್ರಿಂಟರ್. ಅದರ ಪಕ್ಕದ ಗೋಡೆಗೆ ಆ ವರದಿಯ ಹಾಳೆಯನ್ನು ಅವರೇ ಅಂಟಿಸಿಟ್ಟಿದ್ದಾರೆ.