ವಾರ್ಸಾಗೆ ಹೊಸದಾಗಿ ಬಂದಿದ್ದೀರಾ? ಸೈರನ್ ಕೂಗಿದರೆ ಓಡಬೇಡಿ

ಪ್ರತಿ ಆಗಸ್ಟ್ 1ರ ಸಂಜೆ 5 ಗಂಟೆಗೆ ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಸೈರನ್ ಕೂಗುತ್ತದೆ. ಪಕ್ಕದ ಉಕ್ರೇನಿನ ಯುದ್ಧದ ಸುದ್ದಿ ಓದಿಕೊಂಡು ಬಂದ ಹೊಸಬರಿಗೆ ಎದೆ ಝಲ್ ಅನ್ನುವುದು ಸಹಜ. ಗಾಬರಿ ಬೇಡ. ಕಾರು, ಬಸ್ಸು, ಟ್ರಾಮ್ ನಿಂತಲ್ಲೇ ನಿಲ್ಲುತ್ತವೆ. ನೀವೂ ಒಂದು ನಿಮಿಷ ಸುಮ್ನೆ ನಿಂತುಬಿಡಿ. ಫೋನಿನಲ್ಲಿ ಮಾತಾಡುತ್ತಾ ನಡೆದು ಹೋದರೆ ಜನ ದುರುಗುಟ್ಟಿ ನೋಡುತ್ತಾರೆ.

ಈ ಸೈರನ್ ಒಂದು ನೆನಪಿಗೆ: 1944ರಲ್ಲಿ ಇದೇ ದಿನ ಇದೇ ಹೊತ್ತಿಗೆ ಊರಿನವರು, ಊರನ್ನು ಹಿಡಿದಿದ್ದ ಜರ್ಮನ್ ಸೇನೆಯ ಮೇಲೆ ದಂಗೆ ಎದ್ದರು. 63 ದಿನ ಕಾದಾಡಿ ಸೋತರು. ಆಮೇಲೆ ಜರ್ಮನ್ನರು ಬೀದಿ ಬೀದಿಯನ್ನೇ ಸುಟ್ಟು, ಸಿಡಿಸಿ ಹಾಕಿದರು. ನೀವು ಮೊದಲ ಭಾನುವಾರವೇ ಫೋಟೊ ತೆಗೆಸಿಕೊಳ್ಳುವ ಆ ಹಳೇ ಪೇಟೆ ಇದೆಯಲ್ಲ, ಅದರ ಬಹುಪಾಲು ಯುದ್ಧ ಮುಗಿದ ಮೇಲೆ ಕಟ್ಟಿದ್ದು! 18ನೇ ಶತಮಾನದಲ್ಲಿ ಇಟಲಿಯ ಕಲಾವಿದ ಬೆಲ್ಲೊಟ್ಟೊ ಬರೆದ ಚಿತ್ರಗಳನ್ನೂ ಹಳೇ ನಕ್ಷೆಗಳನ್ನೂ ನೋಡಿಕೊಂಡು ಮತ್ತೆ ಎಬ್ಬಿಸಿದರು. 1980ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ನವೆಂಬರ್ 11ಕ್ಕೆ ಅಂಗಡಿಗಳು ಬಂದ್. ಹಾಲು, ತರಕಾರಿ ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ಊರ ನಡುವೆ ದೊಡ್ಡ ಮೆರವಣಿಗೆ ಇರುತ್ತದೆ, ಟ್ರಾಮ್ ದಾರಿ ಬದಲಾಗುತ್ತದೆ. ಅದು ಸ್ವಾತಂತ್ರ್ಯ ದಿನ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಸೇರಿ 1772, 1793 (ಆ ಸಲ ಆಸ್ಟ್ರಿಯಾ ಇರಲಿಲ್ಲ), 1795ರಲ್ಲಿ ಈ ದೇಶವನ್ನು ಹರಿದು ಹಂಚಿಕೊಂಡವು. ಮುಂದೆ 1918ರವರೆಗೆ, 123 ವರ್ಷ, ಪೋಲೆಂಡ್ ಅನ್ನುವ ಸ್ವತಂತ್ರ ದೇಶವೇ ಇರಲಿಲ್ಲ. ದೇಶ ಹೋದರೂ ಭಾಷೆ ಬಿಡಲಿಲ್ಲ. 1901ರಲ್ಲಿ, ಜರ್ಮನ್ ಆಳ್ವಿಕೆಯ ಪ್ರಷ್ಯಾದ ಪಾಲಾಗಿದ್ದ ವ್ಜೆಶ್ನ್ಯಾ ಊರಿನ ಶಾಲೆಯಲ್ಲಿ ಧರ್ಮದ ಪಾಠವನ್ನು ಜರ್ಮನ್‌ನಲ್ಲಿ ಒಪ್ಪಿಸಲು ಮಕ್ಕಳು ಒಪ್ಪಲಿಲ್ಲ, ಬೆತ್ತದ ಏಟು ತಿಂದರು. ಅಂಗಡಿಯವರು ಇಂಗ್ಲಿಷ್ ಮಾತಾಡಲ್ಲ ಅಂತ ಗೊಣಗುವ ಮೊದಲು ನಾಲ್ಕು ಪೋಲಿಷ್ ಮಾತು ಕಲಿಯಿರಿ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಇನ್ನೊಂದು ಮಾತು. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಜನರನ್ನು ಕೊಂದ ಆಶ್‌ವಿಟ್ಜ್ ಶಿಬಿರ ನೋಡಿಬಂದು 'ಪೋಲೆಂಡಿನವರ ಕ್ಯಾಂಪ್' ಅಂತ ಅಪ್ಪಿತಪ್ಪಿಯೂ ಅನ್ನಬೇಡಿ. ಅದನ್ನು ಕಟ್ಟಿ ನಡೆಸಿದ್ದು ನಾಜಿ ಜರ್ಮನಿ. 'ನೀವೂ ರಷ್ಯಾದವರ ಥರಾನೇ' ಅನ್ನುವುದೂ ಬೇಡ. 1939ರ ಸೆಪ್ಟೆಂಬರ್ 1ಕ್ಕೆ ಜರ್ಮನಿ ನುಗ್ಗಿತು, 17ಕ್ಕೆ ಸೋವಿಯತ್ ಸೇನೆ ನುಗ್ಗಿತು. ಎರಡನ್ನೂ ಇಲ್ಲಿ ಯಾರೂ ಮರೆತಿಲ್ಲ.

ಭಾರತದವರು ಅಂದ ಕೂಡಲೇ ಕೆಲವು ಹಿರಿಯರು ಮಹಾರಾಜರ ವಿಷಯ ತೆಗೆಯುತ್ತಾರೆ. ಗುಜರಾತಿನ ನವಾನಗರದ ದೊರೆ, ಜಾಮ್ ಸಾಹೇಬ ದಿಗ್ವಿಜಯಸಿಂಹಜಿ 1942ರಲ್ಲಿ ಸೋವಿಯತ್ ನೆಲದಿಂದ ಬಂದ ಪೋಲಿಷ್ ಮಕ್ಕಳಿಗೆ ಬಾಲಾಚಡಿಯಲ್ಲಿ ಆಸರೆ ಕೊಟ್ಟರು. ನಮ್ಮ ಬೆಳಗಾವಿಗೆ ಹತ್ತಿರದ ಕೊಲ್ಹಾಪುರದ ವಳಿವಡೆಯಲ್ಲಂತೂ ಸುಮಾರು 5,000 ಪೋಲಿಷ್ ಜನರ ಶಿಬಿರವೇ ಇತ್ತು. ಇದನ್ನು ನೀವೇ ಮೊದಲು ಹೇಳಿ ನೋಡಿ, ಮಾತು ತಾನಾಗಿ ಬೆಳೆಯುತ್ತದೆ. ವಾರ್ಸಾದ ಓಖೋತಾ ಬಡಾವಣೆ ಕಡೆ ಬಾಡಿಗೆ ಮನೆ ಹುಡುಕಲು ಹೋದರೆ 'ಒಳ್ಳೆಯ ಮಹಾರಾಜ'ನ ಹೆಸರಿನ ಚೌಕವೂ ಅಲ್ಲೇ ಸಿಗುತ್ತದೆ.