ಸೇವಂತಿಗೆಗೆ ಹಗಲು ಬೆಳಕು, ರಾತ್ರಿ ಕತ್ತಲು

ಆಟಿ ತಿಂಗಳ ಮಳೆಯಲ್ಲಿ ಮಂಗಳೂರಿನ ಫ್ಲ್ಯಾಟುಗಳಿಗೆ ಬಿಸಿಲು ಬರುವುದೇ ಅಪರೂಪ. ಕುಂಡಗಳನ್ನು ಒಳಗೆ ತಂದು ಬಲ್ಬಿನ ಕೆಳಗೆ ಇಡುತ್ತೇವೆ. ಎಲೆ ಸೊಂಪಾಗಿ ಬರುತ್ತದೆ, ಮೊಗ್ಗು ಮಾತ್ರ ಇಲ್ಲ. ನನ್ನ ಸೇವಂತಿಗೆಯದ್ದೂ ಎರಡು ವರ್ಷ ಇದೇ ಕತೆ. ಸುಮ್ನೆ ಗೊಬ್ಬರ ಬದಲಿಸುತ್ತಾ ಕೂತೆ.

ಮೊದಲು ಬಲ್ಬ್ ಆರಿಸೋಣ. ಡಬ್ಬಿಯ ಮೇಲೆ ಕೆಲ್ವಿನ್ ಲೆಕ್ಕ ಇರುತ್ತದೆ, ಬೆಳಕಿನ ಬಣ್ಣ ಹೇಳುವ ಅಳತೆ ಅದು. 6500 ಕೆಲ್ವಿನ್ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ. ಅದರಡಿ ಗಿಡ ಗಿಡ್ಡವಾಗಿ, ಗಟ್ಟಿಯಾಗಿ ಬೆಳೆಯುತ್ತದೆ. 2700–3000 ಕೆಲ್ವಿನ್‌ನ ಹಳದಿ ಬಲ್ಬಿನಲ್ಲಿ ಕೆಂಪಿನ ಪಾಲು ಹೆಚ್ಚು. ಎರಡೂ ಒಂದೊಂದು ಹಾಕಿ. ದುಬಾರಿ ನೇರಳೆ ದೀಪ ಬೇಕಿಲ್ಲ. ಗಿಡದ ತುದಿಯಿಂದ ಸುಮಾರು ಒಂದು ಅಡಿ ಮೇಲೆ ತೂಗುಹಾಕಿ, ಹಗಲಲ್ಲಿ 10 ಗಂಟೆ ಉರಿಸಿ.

ಮುಖ್ಯ ಕೆಲಸ ಇರುವುದು ರಾತ್ರಿ. ಎಲೆಯಲ್ಲಿ ಫೈಟೋಕ್ರೋಮ್ ಎಂಬ ಬಣ್ಣದ ವಸ್ತು ಇದೆ. 660 ನ್ಯಾನೋಮೀಟರ್ ಆಸುಪಾಸಿನ (ಇದು ಬೆಳಕಿನ ಅಲೆಯ ಉದ್ದ) ಕೆಂಪು ಬೆಳಕು ಬಿದ್ದರೆ ಅದು ಒಂದು ರೂಪಕ್ಕೆ ಹೋಗುತ್ತದೆ, ಕತ್ತಲಲ್ಲಿ ಮೆಲ್ಲಗೆ ಹಿಂದಿನ ರೂಪಕ್ಕೆ ಮರಳುತ್ತದೆ. ರಾತ್ರಿ ಎಷ್ಟು ಉದ್ದ ಎಂದು ತಿಳಿಯಲು ಗಿಡಕ್ಕೆ ಇದು ನೆರವಾಗುತ್ತದೆ. ಸೇವಂತಿಗೆ ಉದ್ದ ರಾತ್ರಿ ಸಿಕ್ಕರಷ್ಟೇ ಮೊಗ್ಗು ಕಟ್ಟುವ ಗಿಡ. ನಡುವೆ ಕೆಂಪು ಬೆಳಕು ಬಿದ್ದರೆ ರಾತ್ರಿ ಮುರಿದಂತೆ. ಹೂ ತಡವಾಗಿ ಬರಲೆಂದೇ ಬೆಳೆಗಾರರು ರಾತ್ರಿ ಬಲ್ಬ್ ಉರಿಸುವುದೂ ಉಂಟು.

ನನ್ನ ಕುಂಡ ಇದ್ದದ್ದು ದೇವರ ಕೋಣೆಯ ಬಾಗಿಲಲ್ಲಿ. ಅಲ್ಲಿ ಕೆಂಪು ಝೀರೋ ಬಲ್ಬ್ ಬೆಳಗಿನವರೆಗೂ ಉರಿಯುತ್ತಿತ್ತು!

ಹಾಗಾಗಿ ಸಂಜೆ 6ಕ್ಕೆ ಗಿಡದ ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆ ಕವುಚಿ. ಬೆಳಿಗ್ಗೆ 8ಕ್ಕೆ ತೆಗೆಯಿರಿ. ಮೊಗ್ಗು ಬಂತಾ ಎಂದು ಮಧ್ಯರಾತ್ರಿ ಟಾರ್ಚ್ ಹಾಕಿ ನೋಡಬೇಡಿ, ಆಸೆ ಆಗುತ್ತದೆ, ಗೊತ್ತು. ನೀರು ಬೆಳಿಗ್ಗೆಯೇ ಹಾಕಿ. ನಮ್ಮೂರ ಸೆಖೆಗೆ ಒದ್ದೆ ಎಲೆ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಮೊಗ್ಗು ಬಣ್ಣ ತೋರುವವರೆಗೂ ಒಂದು ದಿನವೂ ತಪ್ಪಿಸಬೇಡಿ. ಕಲಂಚೋ ಎಂಬ ಹೂಗಿಡಕ್ಕೂ ಇದೇ ಉಪಾಯ. ಸುಮಾರು ಆರು ವಾರ ಬೇಕು.

ಆಫ್ರಿಕನ್ ವಯಲೆಟ್‌ಗೆ ಪೆಟ್ಟಿಗೆ ಬೇಡ. ದಿನಕ್ಕೆ 12–14 ಗಂಟೆ ಬಲ್ಬಿನ ಬೆಳಕು ಸಾಕು. ಶಂಕರಪುರ ಮಲ್ಲಿಗೆಯನ್ನು ಮಾತ್ರ ದಯವಿಟ್ಟು ಒಳಗೆ ಕೂರಿಸಬೇಡಿ. ಅದಕ್ಕೆ ನೇರ ಬಿಸಿಲೇ ಬೇಕು, ಟೆರೇಸಿನಲ್ಲಿ ಜಾಗ ಮಾಡಿಕೊಡಿ.